ಜಟ್ಟಪ್ಪನ ಮಗಳ ಎಣಿಕೆ

ದೇವಕಿಯನ್ನು ನನ್ನ ಮೇಜಿಗೆ ಹಾಕಿದ್ದು ಕಂಪ್ಯೂಟರ್. ಮತ ಎಣಿಕೆಯ ದಿನ ಯಾರು ಎಲ್ಲಿ ಕೂರಬೇಕು ಅನ್ನುವುದನ್ನು ಈಗ ಮನುಷ್ಯರ ಕೈಗೆ ಬಿಡುವುದಿಲ್ಲ. ಬಿಟ್ಟರೆ ನಮ್ಮವರು ತಮ್ಮವರು ಶುರುವಾಗುತ್ತದೆ ಎಂಬ ಭಯ. ಹಾಗೆ ಯಂತ್ರ ಎತ್ತಿದ ಹೆಸರುಗಳಲ್ಲಿ ನಮ್ಮ ಮೇಜಿಗೆ ಬಂದದ್ದು ಮೂರು: ಮೇಲ್ವಿಚಾರಕಿಯಾಗಿ ಬಾಳಗಡಿಯ ಕಾಲೇಜಿನಲ್ಲಿ ಪಾಠ ಹೇಳುವ ನಾನು, ಸಹಾಯಕರಾಗಿ ಶೃಂಗೇರಿ ಕಡೆಯ ಶಾಲಾ ಮೇಷ್ಟ್ರು ನಿತೀಶ್ ಮತ್ತು ನರಸಿಂಹರಾಜಪುರದ ಒಂದು ಸರ್ಕಾರಿ ಕಚೇರಿಯ ಗುಮಾಸ್ತೆ ದೇವಕಿ.

ನನಗೆ ಮತಯಂತ್ರದ ಭಕ್ತರನ್ನು ಕಂಡರೂ ಆಗುವುದಿಲ್ಲ, ಅದರ ವೈರಿಗಳನ್ನು ಕಂಡರೂ ಆಗುವುದಿಲ್ಲ. ಭಕ್ತರು ಯಂತ್ರ ತಪ್ಪೇ ಮಾಡುವುದಿಲ್ಲ ಅನ್ನುತ್ತಾರೆ. ವೈರಿಗಳು ತಾವು ಸೋತ ದಿನ ಮಾತ್ರ ಅದು ತಪ್ಪು ಮಾಡಿತು ಅನ್ನುತ್ತಾರೆ. ಇಬ್ಬರ ಬಾಯಿಯನ್ನೂ ಮುಚ್ಚಿಸುವುದಕ್ಕೆ ಅಂತಲೇ ಯಂತ್ರದ ಪಕ್ಕ ಇನ್ನೊಂದು ಪೆಟ್ಟಿಗೆ ಇಟ್ಟಿದ್ದಾರೆ. ಗುಂಡಿ ಒತ್ತಿದ ಕೂಡಲೇ ಅದರ ಗಾಜಿನ ಹಿಂದೆ ನಾವು ಹಾಕಿದ ಗುರುತಿನ ಚೀಟಿ ಒಂದಿಷ್ಟು ಹೊತ್ತು ಕಂಡು, ಆಮೇಲೆ ಒಳಗೆ ಬೀಳುತ್ತದೆ. ಎಣಿಕೆಯ ಕೊನೆಯಲ್ಲಿ ಲಾಟರಿ ಎತ್ತಿ ಐದು ಬೂತುಗಳ ಚೀಟಿಗಳನ್ನು ಕೈಯಲ್ಲಿ ಎಣಿಸಿ ಯಂತ್ರದ ಲೆಕ್ಕಕ್ಕೆ ತಾಳೆ ನೋಡುತ್ತಾರೆ. ತಾಳೆಯಾಗದೆ ಹೋದರೆ ಮತ್ತೆ ಎಣಿಸಬೇಕು. ಆಗಲೂ ಆಗದಿದ್ದರೆ ಚೀಟಿಯ ಮಾತೇ ಕೊನೆಯ ಮಾತು. ಆ ಕೈ ಎಣಿಕೆಯ ಮೇಜುಗಳಲ್ಲಿ ಒಂದು ನಮ್ಮದು.

ಕೊಪ್ಪದಿಂದ ಚಿಕ್ಕಮಗಳೂರಿಗೆ ನಮ್ಮನ್ನು ಹೊತ್ತೊಯ್ದ ಬಸ್ಸಿಗೆ ದೇವಕಿ ಬಾಳೆಹೊನ್ನೂರಿನಲ್ಲಿ ಹತ್ತಿ ನನ್ನ ಪಕ್ಕ ಕೂತಳು. ನಲವತ್ತರ ಹೆಂಗಸು, ಇಸ್ತ್ರಿ ಮಾಡಿದ ಹತ್ತಿ ಸೀರೆ, ಉದ್ದನೆಯ ಬೆರಳು. ತರಬೇತಿಯಲ್ಲಿ ಆ ಬೆರಳುಗಳ ಕೆಲಸ ನೋಡಿದ್ದೆ. ಇಪ್ಪತ್ತೈದು ಚೀಟಿ ಎಣಿಸಿ ರಬ್ಬರ್ ಬ್ಯಾಂಡ್ ಹಾಕುವಷ್ಟರಲ್ಲಿ ಉಳಿದವರು ಇನ್ನೂ ಹತ್ತರಲ್ಲಿರುತ್ತಿದ್ದರು.

"ಇಷ್ಟು ಚುರುಕು ಎಲ್ಲಿ ಕಲಿತ್ಯೇ ಮಾರಾಯ್ತಿ?" ಎಂದೆ.

"ಮಂಡಿಲಿ, ಮೇಡಂ. ನಮ್ಮಪ್ಪ ಭತ್ತ ಅಳೀತಿದ್ರು."

ಜಟ್ಟಪ್ಪ ಎಂಬ ಆ ಅಪ್ಪನ ಹೆಸರನ್ನು ನಾನೂ ಕೇಳಿದ್ದೆ. ನರಸಿಂಹರಾಜಪುರದ ಪೇಟೆಯಲ್ಲಿ ಶಾಂತವೀರಪ್ಪ ಸಾಹುಕಾರರ ಭತ್ತದ ಮಂಡಿಯಲ್ಲಿ ಅವನು ಅಳತೆಯ ಕೊಳಗ ಹಿಡಿದರೆ ಮಾರುವವನೂ ಕೊಳ್ಳುವವನೂ ಬೆನ್ನು ಹಾಕಿ ನಿಂತು ಎಲೆಯಡಿಕೆ ಹಾಕಬಹುದಿತ್ತಂತೆ. ಯಾರದಾದರೂ ಮಾತು ಗಟ್ಟಿ ಅನ್ನಬೇಕಾದರೆ ಆ ಕಡೆಯ ಹಳಬರು ಈಗಲೂ "ಜಟ್ಟಪ್ಪನ ಕೊಳಗ" ಅನ್ನುತ್ತಾರೆ. ಶಾಲೆ ಬಿಟ್ಟ ಮೇಲೆ ದೇವಕಿ ಮಂಡಿಗೆ ಹೋಗಿ ಅಪ್ಪನ ಎದುರು ಕುಕ್ಕರುಗಾಲಲ್ಲಿ ಕೂರುತ್ತಿದ್ದಳು. ಅಪ್ಪ ಅಳೆದು ಸುರಿಯುತ್ತಿದ್ದ, ಮಗಳು ಕೂಗಿ ಎಣಿಸುತ್ತಿದ್ದಳು. ಮಂಡಿಯಲ್ಲಿ ಎಣಿಕೆ ಒಂದರಿಂದ ಶುರುವಾಗುವುದಿಲ್ಲ. ಮೊದಲನೆಯದಕ್ಕೆ "ಲಾಭ" ಅನ್ನಬೇಕು, ಆಮೇಲೆ ಎರಡು.

"ಈಗ್ಲೂ ಹಪ್ಪಳ ಎಣಿಸಿದ್ರೂ ಮನ್ಸಲ್ಲಿ ಲಾಭಾನೇ ಬರೋದು ಮೇಡಂ" ಎಂದು ನಕ್ಕಳು.

ತೂಕದ ಯಂತ್ರ ಬಂದು ಕೊಳಗ ಅಟ್ಟ ಸೇರಿತು. ಜಟ್ಟಪ್ಪ ಚೀಲ ಹೊತ್ತು ಮಗಳನ್ನು ಓದಿಸಿದ. ಅವಳು ಪರೀಕ್ಷೆ ಬರೆದು ಗುಮಾಸ್ತೆಯಾದಳು, ಜೀಪು ಓಡಿಸುವವನನ್ನು ಮದುವೆಯಾದಳು, ಮಗಳು ನಿಶ್ಚಿತಾ ಈಗ ಪಿಯುಸಿ. ಕೆಲಸದ ಆದೇಶ ಬಂದ ದಿನ ಜಟ್ಟಪ್ಪ ಹೇಳಿದ್ದು ಇಷ್ಟೇ: "ಇನ್ನು ನೀನೂ ಅಳೆಯೋಳೇ ಮಗಾ. ಕೈ ಶುದ್ಧ ಇಟ್ಕ." ಅವನು ತೀರಿಕೊಂಡು ಕೆಲವು ವರ್ಷವಾಗಿತ್ತು. ಆ ಮಾತನ್ನು ಹೇಳುವಾಗ ದೇವಕಿ ತನ್ನ ಅಂಗೈ ನೋಡಿಕೊಂಡಳು.

ಎಣಿಕೆ ಕೇಂದ್ರದಲ್ಲಿ ಮೊಬೈಲು ಹೊರಗಿಟ್ಟು ಒಳಗೆ ಹೋದೆವು. ಯಂತ್ರಗಳ ಸುತ್ತುಗಳು ಮುಗಿಯುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು. ಅಂತರ ಸಾವಿರದ ಆಸುಪಾಸು ಇದ್ದುದರಿಂದ ಗೆದ್ದವರೂ ಬಾಯಿ ಬಿಟ್ಟು ನಗುತ್ತಿರಲಿಲ್ಲ, ಸೋತವರೂ ಎದ್ದು ಹೋಗುತ್ತಿರಲಿಲ್ಲ. ಚೀಟಿಗೆ ಲಾಟರಿ ಎತ್ತಿದರು. ನಾಲ್ಕು ಬೂತು ಬೇರೆ ಮೇಜುಗಳಲ್ಲಿ ತಾಳೆಯಾಯಿತು. ಐದನೆಯದು ಹಿರೇಕೊಡಿಗೆ ಕಡೆಯ ಒಂದು ಶಾಲೆಯ ಬೂತು, ನಮ್ಮ ಮೇಜಿಗೆ ಬಂತು.

ಬ್ಯಾಂಕಿನ ಕ್ಯಾಷಿಯರ್ ಕೂರುವಂಥ ಜಾಲರಿಯ ಗೂಡು ನಮ್ಮದು. ಜಾಲರಿಯ ಆಚೆ ಬೆಂಚಿನಲ್ಲಿ ಎರಡೂ ಕಡೆಯ ಏಜೆಂಟರು. ಹಿಂದೆ ಬಿದ್ದವರ ಕಡೆಯಿಂದ ಕೊಪ್ಪದ ಧರ್ಮೇಶ್, ಮಾತಿನಲ್ಲಿ ಮನೆ ಕಟ್ಟುವ ಮನುಷ್ಯ. ಅವನ ಪಕ್ಕ ಬಿಳಿ ಪಂಚೆಯ ಮುದುಕರೊಬ್ಬರು, ಕೊರಳಲ್ಲಿ ಪಾಸು. ಗೆದ್ದವರ ಕಡೆಯಿಂದ ಅವಿನಾಶ ಎಂಬ ತರುಣ ವಕೀಲ.

ದೇವಕಿ ನನ್ನ ಕಿವಿಯ ಹತ್ತಿರ ಬಗ್ಗಿದಳು. "ಮೇಡಂ, ಅವ್ರೇ ಶಾಂತವೀರಪ್ಪ ಸಾವ್ಕಾರ್ರು." ಹೇಳುವಾಗ ಅವಳ ಕೈ ಅರಿವಿಲ್ಲದೆ ಕೆನ್ನೆಗೆ ಹೋಯಿತು. ಸಾಹುಕಾರರು ಅವಳನ್ನು ಗುರುತಿಸಿದಂತೆ ಕಾಣಲಿಲ್ಲ.

ಕೆಲಸ ಹೀಗೆ: ನಿತೀಶ್ ಒಂದೊಂದೇ ಚೀಟಿಯನ್ನು ಜಾಲರಿಗೆ ಹಿಡಿದು ತೋರಿಸಿ ಅಭ್ಯರ್ಥಿವಾರು ಖಾನೆಗೆ ಹಾಕುವುದು, ದೇವಕಿ ಖಾನೆಯಿಂದ ತೆಗೆದು ಇಪ್ಪತ್ತೈದರ ಕಟ್ಟು ಮಾಡುವುದು, ನಾನು ಗುರುತು ಪರಿಶೀಲಿಸಿ ಬರೆದುಕೊಳ್ಳುವುದು. ದೇವಕಿ ಬಾಯಿ ಬಿಡದೆ ಎಣಿಸಿದಳು. ಚೀಟಿ ಸರಿಯುವ ಸರಸರ ಸದ್ದಿನ ನಡುವೆ ಆಗಾಗ ಅವಳ ಬೆರಳು ಮೇಜಿಗೆ ತಟ್ಟುವ ಟಕ್ ಎಂಬ ಸದ್ದು ಕೇಳುತ್ತಿತ್ತು. ತಾಳ ಹಾಕಿಕೊಂಡು ಕೆಲಸ ಮಾಡುವವರು ಇರುತ್ತಾರಲ್ಲ, ಹಾಗೆ ಎಂದುಕೊಂಡೆ.

ಕಟ್ಟುಗಳನ್ನು ಕೂಡಿದೆ. ಮೊದಲನೆಯವರಿಗೆ ಹನ್ನೆರಡು ಕಟ್ಟು, ಮುನ್ನೂರು. ಎರಡನೆಯವರಿಗೆ ಹತ್ತು ಕಟ್ಟು, ಮೇಲೆ ಮೂರು. ಉಳಿದ ಮೂವರಿಗೆ ತಲಾ ಮೂರರಂತೆ ಒಂಬತ್ತು. ಒಟ್ಟು ಐನೂರ ಅರವತ್ತೆರಡು.

ಯಂತ್ರ ಹೇಳಿದ್ದು ಐನೂರ ನಲವತ್ತು.

ಹಾಳೆಯನ್ನು ಇನ್ನೊಮ್ಮೆ ಕೂಡಿ ನೋಡಿದೆ. ಆ ಬೂತಿನಲ್ಲಿ ಓಟು ಹಾಕಿದವರೇ ಐನೂರ ನಲವತ್ತು ಜನ. ಚೀಟಿ ಇಪ್ಪತ್ತೆರಡು ಹೆಚ್ಚು ಹೇಗೆ ಬರುತ್ತದೆ?

ಜಾಲರಿಗೆ ಮೂಗು ಒತ್ತಿ ನಿಂತಿದ್ದ ಧರ್ಮೇಶ್ ನನ್ನ ಹಾಳೆ ಓದಿಬಿಟ್ಟಿದ್ದ. "ನೋಡಿ! ನೋಡ್ರೀ ಇಲ್ಲಿ! ಒಂದ್ ಬೂತಲ್ಲೇ ಇಪ್ಪತ್ತೆರಡು! ಇನ್ನೂರೈವತ್ತು ಬೂತಲ್ಲಿ ಎಷ್ಟು ನುಂಗಿದೆ ಈ ಮಷಿನ್ನು?"

ಸಭಾಂಗಣದಲ್ಲಿದ್ದವರೆಲ್ಲ ನಮ್ಮ ಗೂಡಿನ ಕಡೆ ತಿರುಗಿದರು. ಚುನಾವಣಾಧಿಕಾರಿ ಬಂದರು. ಕನ್ನಡಕದ, ಮಾತು ಕಡಿಮೆಯ ಮನುಷ್ಯ. ಬೆಳಗಿನಿಂದ ನಿಂತೇ ಇದ್ದರು.

"ಮತ್ತೆ ಎಣಿಸಿ" ಎಂದರು.

"ಅವ್ರೇ ಎಣಿಸ್ಬೇಕು" ಎಂದ ಧರ್ಮೇಶ್. "ಕೈ ಬದಲಾಯ್ಸಿದ್ರೆ ನಾವು ಒಪ್ಪಲ್ಲ. ಕೈ ಬದಲಾದ್ರೆ ಲೆಕ್ಕಾನೂ ಬದಲಾಗತ್ತೆ."

ಅವಿನಾಶನೂ ಹೂಂ ಎಂದ. ಇಬ್ಬರೂ ಒಂದು ಮಾತಿಗೆ ಒಪ್ಪಿದ್ದು ಆ ದಿನ ಅದೊಂದೇ ಸಲ.

ದೇವಕಿ ಎಲ್ಲ ಕಟ್ಟು ಬಿಚ್ಚಿ ಚೀಟಿಗಳನ್ನು ಮತ್ತೆ ಆಯಾ ಖಾನೆಗೆ ಹಾಕಿದಳು. ಹಣೆಯ ಮೇಲೆ ಬೆವರು ಕೂತಿತ್ತು. ಈ ಸಲ ನಿಧಾನವಾಗಿ ಎಣಿಸಿದಳು. ಟಕ್ ಎಂಬ ಸದ್ದು ಮಾತ್ರ ನಿಲ್ಲಲಿಲ್ಲ. ನಾನು ಅವಳ ಬೆರಳನ್ನೇ ನೋಡುತ್ತಿದ್ದೆ. ನೋಡಿಯೂ ಕಾಣಲಿಲ್ಲ. ಹನ್ನೆರಡು ಕಟ್ಟು. ಹತ್ತು ಕಟ್ಟು, ಮೇಲೆ ಮೂರು. ಒಂಬತ್ತು.

ಐನೂರ ಅರವತ್ತೆರಡು.

ಧರ್ಮೇಶ್ ಬೆಂಚಿನ ಮೇಲೆ ಹತ್ತಿದ. ಚೀಟಿಯೇ ಅಂತಿಮ ಎಂದು ನಿಯಮ ಹೇಳುತ್ತದೆ, ಎಲ್ಲ ಬೂತಿನ ಚೀಟಿ ಎಣಿಸಿ, ಅಲ್ಲಿಯವರೆಗೆ ಫಲಿತಾಂಶ ತಡೆಯಿರಿ ಎಂದು ಕೂಗಿದ. ಅವನ ಹಿಂದೆ ಇನ್ನೂ ಹತ್ತಾರು ಗಂಟಲು ಸೇರಿದವು. ಬಾಗಿಲಿನಲ್ಲಿದ್ದ ಪೊಲೀಸರು ಒಳಗೆ ಎರಡು ಹೆಜ್ಜೆ ಬಂದರು. ನಿಜ ಹೇಳುತ್ತೇನೆ, ಆ ಗಳಿಗೆಯಲ್ಲಿ ನನಗೂ ಯಂತ್ರದ ಮೇಲೆ ಸಂಶಯ ಬಂತು. ಎರಡು ಸಲ ಒಂದೇ ಲೆಕ್ಕ ಬಂದ ಮೇಲೆ ಯಾರಿಗೆ ಬರುವುದಿಲ್ಲ?

ಚುನಾವಣಾಧಿಕಾರಿ ನನ್ನನ್ನು ನೋಡಿದರು. "ಮೇಡಂ, ಕಟ್ಟು ಬಿಚ್ಚಿ ನೀವೇ ಎಣಿಸಿ. ಎಲ್ಲರಿಗೂ ಕಾಣುವ ಹಾಗೆ."

ಮೊದಲ ಕಟ್ಟು ತೆಗೆದೆ. ಒಂದೊಂದೇ ಚೀಟಿ ಜಾಲರಿಗೆ ತೋರಿಸಿ ಇಟ್ಟೆ. ಇಪ್ಪತ್ತನಾಲ್ಕಕ್ಕೆ ಕಟ್ಟು ಮುಗಿಯಿತು. ಎರಡನೆಯದೂ ಇಪ್ಪತ್ತನಾಲ್ಕು. ಮೂರನೆಯದೂ. ಇಪ್ಪತ್ತೆರಡು ಕಟ್ಟಿನಲ್ಲೂ ಒಂದೊಂದು ಕಡಿಮೆ. ಕೂಡಿದರೆ ಒಟ್ಟು ಐನೂರ ನಲವತ್ತು, ಯಂತ್ರದ್ದೂ ಐನೂರ ನಲವತ್ತು.

ಯಂತ್ರ ಗೆದ್ದಿತು. ದೇವಕಿ ಸಿಕ್ಕಿಬಿದ್ದಳು.

"ತಪ್ಪಾಗಿದ್ದರೆ ಒಂದು ಕಟ್ಟಿನಲ್ಲಿ ಆಗಬೇಕಿತ್ತು" ಎಂದರು ಚುನಾವಣಾಧಿಕಾರಿ. ದನಿ ಏರಿಸಲಿಲ್ಲ, ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು. "ಇಪ್ಪತ್ತೆರಡರಲ್ಲೂ ಆಗಿದೆ. ಎರಡು ಸಲವೂ ಒಂದೇ ಥರ ಆಗಿದೆ. ಇದು ತಪ್ಪಲ್ಲ. ಯಾರು ಹೇಳಿಕೊಟ್ಟದ್ದು?"

"ಯಾರೂ ಇಲ್ಲ ಸರ್. ನಾನು ಸರಿಯಾಗೇ ಎಣಿಸಿದೀನಿ."

"ಸರಿಯಾಗಿ?"

"ದೇವ್ರಾಣೆ ಸರ್. ಇಪ್ಪತ್ತೈದೇ ಎಣಿಸಿದ್ದು."

ಅವಳು ಹಾಗೆ ಹೇಳಬಾರದಿತ್ತು. ಕೈ ತಪ್ಪಿತು ಎಂದಿದ್ದರೆ ಕ್ಷಮಿಸುವ ದಾರಿಯಾದರೂ ಇತ್ತು. ಎದುರಿಗೆ ಇಪ್ಪತ್ತನಾಲ್ಕರ ಕಟ್ಟು ಬಿದ್ದಿರುವಾಗ ಇಪ್ಪತ್ತೈದು ಅನ್ನುವವಳನ್ನು ಯಾರು ನಂಬುತ್ತಾರೆ? ಅವಿನಾಶ ಅವಳ ಕಡೆ ಬೆರಳು ಮಾಡಿ, ಇವಳು ಧರ್ಮೇಶನ ಕಡೆಯವಳು, ಫಲಿತಾಂಶ ತಡೆಯಲು ದುಡ್ಡು ತಿಂದಿದ್ದಾಳೆ ಎಂದ. ಧರ್ಮೇಶ್ ತಿರುಗಿ, ಮೊದಲೆರಡು ಎಣಿಕೆಯೇ ಸರಿ, ಮೂರನೆಯದರಲ್ಲಿ ಈ ಮೇಡಂ ಚೀಟಿ ನುಂಗಿದ್ದಾರೆ ಎಂದ. ನನಗೆ ಅವನ ಬಾಯಿಗೆ ಆ ಕಟ್ಟುಗಳನ್ನೇ ತುರುಕುವಷ್ಟು ಸಿಟ್ಟು ಬಂತು.

ಚುನಾವಣಾಧಿಕಾರಿ ಒಂದು ಹಾಳೆ ತರಿಸಿಕೊಂಡರು. ಅಮಾನತು, ಪೊಲೀಸ್ ದೂರು ಎಂದು ಪಕ್ಕದವರಿಗೆ ಹೇಳಿದ್ದು ನಮಗೂ ಕೇಳಿಸಿತು. ದೇವಕಿ ಮೇಜಿನ ಅಂಚು ಹಿಡಿದಿದ್ದಳು. ಅಳುತ್ತಿರಲಿಲ್ಲ. ತನ್ನ ಕೈ ತನಗೇ ಅಪರಿಚಿತ ಎಂಬಂತೆ ನೋಡುತ್ತಿದ್ದಳು.

"ಮೇಡಂ, ನಾನು ಜಟ್ಟಪ್ಪನ ಮಗಳು" ಎಂದಳು. ನನಗೊಬ್ಬಳಿಗೆ ಹೇಳಿದ್ದು, ಆದರೆ ಜಾಲರಿಯ ಆಚೆಗೂ ಹೋಯಿತು.

ಬೆಂಚಿನಲ್ಲಿದ್ದ ಮುದುಕರು ತಲೆ ಎತ್ತಿದರು. ಶಾಂತವೀರಪ್ಪನವರು ಮುಂದಕ್ಕೆ ಬಾಗಿದರು. ಜಾಲರಿಗೆ ಕಣ್ಣು ಹಚ್ಚಿ ಅವಳ ಮುಖ ನೋಡಿದರು, ಆಮೇಲೆ ಅವಳ ಬಲಗೈ ನೋಡಿದರು.

"ಸ್ವಾಮಿ" ಎಂದರು ಅಧಿಕಾರಿಗೆ. "ಬರೆಯೋಕೆ ಮುಂಚೆ ಆ ಹುಡುಗಿ ಒಂದು ಕಟ್ಟು ಬಾಯ್ಬಿಟ್ಟು ಎಣಿಸ್ಲಿ."

ಧರ್ಮೇಶ್ ಬೆಂಚಿನಿಂದ ಇಳಿದು ಅವರ ಭುಜ ಹಿಡಿದ. "ಸುಮ್ನಿರಿ ಸಾವ್ಕಾರ್ರೆ. ಇದು ಹೀಗೇ ಗೋಜಲಾಗಿರ್ಲಿ. ಗೋಜಲಿದ್ರೇ ನಾಳೆ ಕೋರ್ಟಲ್ಲಿ ನಮಗೆ ಹಿಡಿತ."

"ಗೊತ್ತಾಯ್ತು ಮಾರಾಯ. ಕೈ ತೆಗಿ" ಎಂದರು ಅವರು. ಮತ್ತೆ ಅಧಿಕಾರಿಯ ಕಡೆ ತಿರುಗಿದರು. "ಒಂದೇ ಕಟ್ಟು, ಸ್ವಾಮಿ. ಅದಾದ್ಮೇಲೆ ನೀವು ಎಂತ ಬೇಕಾದ್ರೂ ಬರ್ಕಳಿ."

ಅಧಿಕಾರಿ ಪೆನ್ನು ಕೆಳಗಿಡಲಿಲ್ಲ. ತಲೆ ಮಾತ್ರ ಆಡಿಸಿದರು.

ದೇವಕಿ ಖಾನೆಯಿಂದ ಒಂದು ಹಿಡಿ ಚೀಟಿ ತೆಗೆದಳು. ಮೊದಲನೆಯದನ್ನು ಜಾಲರಿಗೆ ತೋರಿಸಿ ಇಟ್ಟಳು.

"ಲಾಭ."

ಯಾರೋ ನಕ್ಕರು. ಶಾಂತವೀರಪ್ಪನವರು ತಿರುಗಿ ನೋಡಿದ ಮೇಲೆ ನಗೆ ನಿಂತಿತು.

"ಎರಡು. ಮೂರು. ನಾಕು. ಐದು. ಆರು."

ಟಕ್. ಬೆರಳು ಮೇಜಿಗೆ ತಟ್ಟಿತು. ಚೀಟಿ ಸರಿಯಲಿಲ್ಲ.

"ಎಂಟು. ಒಂಬತ್ತು. ಹತ್ತು..."

ಹದಿನೇಳನ್ನು ಅವಳು ತಡೆಯಿಲ್ಲದೆ ಹೇಳಿದಳು. ಇಪ್ಪತ್ತೈದು ಎಂದು ನಿಲ್ಲಿಸಿ ಕಟ್ಟನ್ನು ಮುಂದಿಟ್ಟಳು. ಆ ಕಟ್ಟಿನಲ್ಲಿ ಎಷ್ಟಿದೆ ಎಂದು ಈಗ ಎಲ್ಲರಿಗೂ ಗೊತ್ತಿತ್ತು, ಅವಳೊಬ್ಬಳಿಗೆ ಬಿಟ್ಟು.

"ಏಳು ಎಲ್ಲಿ?" ಎಂದರು ಅಧಿಕಾರಿ.

ದೇವಕಿ ಅವರ ಮುಖ ನೋಡಿದಳು. "ಹೇಳಿದ್ನಲ್ಲ ಸರ್."

"ಹೇಳಿದ್ದಾಳೆ" ಎಂದರು ಶಾಂತವೀರಪ್ಪನವರು. "ಅವಳ ಲೆಕ್ಕದಲ್ಲಿ ಹೇಳಿದ್ದಾಳೆ. ತಟ್ಟಿದ್ಲಲ್ಲ, ಅದೇ ಏಳು."

ಆಮೇಲೆ ಅವರು ಕೂತಲ್ಲಿಂದಲೇ ಹೇಳಿದರು. ಅವರ ಮಂಡಿಯಲ್ಲಿ ರಾಶಿಯ ಎದುರು ಆ ಅಂಕಿಯನ್ನು ಬಾಯಲ್ಲಿ ಆಡುವಂತಿರಲಿಲ್ಲ. ಏಳು ಅಂದರೆ ಕೂತ ಲಕ್ಷ್ಮಿಗೆ ಎದ್ದು ಹೋಗು ಅಂದ ಹಾಗೆ. ಒಂದು ಸುಗ್ಗಿಯಲ್ಲಿ ಹೊಸದಾಗಿ ಎಣಿಸಲು ಕೂತ ಜಟ್ಟಪ್ಪನ ಮಗಳು ಗಟ್ಟಿಯಾಗಿ ಏಳು ಎಂದುಬಿಟ್ಟಳು.

"ಕೆನ್ನೆಗೆ ಬಾರಿಸ್ದೆ" ಎಂದರು. "ಇಷ್ಟುದ್ದ ಹುಡುಗಿ. ಬೆರಳು ಮೂಡಿತ್ತು. ಜಟ್ಟಪ್ಪ ನನಗೆ ಎಂತದೂ ಅನ್ಲಿಲ್ಲ. ಮಗಳಿಗೆ ಹೇಳ್ದ, ಆರಾದ್ಮೇಲೆ ನೀನು ಕೊಳಗಕ್ಕೆ ತಟ್ಟು ಮಗಾ, ನಾನು ಸುರೀತೀನಿ ಅಂತ. ಆಮೇಲೆ ಎಷ್ಟೋ ವರ್ಷ ಹಾಗೇ ನಡೀತು. ಒಂದು ಕೊಳಗ ಹೆಚ್ಚುಕಮ್ಮಿ ಆಗ್ಲಿಲ್ಲ."

ಹೆಚ್ಚುಕಮ್ಮಿ ಹೇಗೆ ಆದೀತು? ಅವಳು ತಟ್ಟಿದಾಗ ಸುರಿಯುವ ಕೈ ಅಪ್ಪನದಾಗಿತ್ತು. ಕಚೇರಿಯಲ್ಲಿ ಅವಳು ಬರೆದು ಕೂಡುತ್ತಿದ್ದಳು, ಅಲ್ಲಿ ಏಳಕ್ಕೆ ಅಂಕಿ ಇತ್ತು. ಮನೆಯ ಹಪ್ಪಳಕ್ಕೂ ತರಬೇತಿಯ ಕಟ್ಟುಗಳಿಗೂ ಯಾರೂ ತಾಳೆ ನೋಡಲಿಲ್ಲ. ಇಲ್ಲಿ ರಾಶಿ ಹಾಕಿಕೊಂಡು, ಎದುರಿಗೆ ಸಾಹುಕಾರರನ್ನು ಕೂರಿಸಿಕೊಂಡು ಎಣಿಸುವಾಗ ಅವಳ ಬೆರಳು ಹಳೆಯ ಮಂಡಿಗೆ ಹೋಗಿಬಿಟ್ಟಿತ್ತು. ತಟ್ಟುತ್ತಿತ್ತು. ಸುರಿಯಲು ಅಪ್ಪ ಇರಲಿಲ್ಲ.

ಯಂತ್ರಕ್ಕೆ ಸೀಲು, ಸೀಲಿಗೆ ಸಹಿ, ಕೋಣೆಗೆ ಎರಡು ಬೀಗ, ಬೀಗಕ್ಕೆ ಕ್ಯಾಮೆರಾ. ಇಷ್ಟೆಲ್ಲ ಕಾವಲಿನ ನೀತಿ ಬರೆದವರಿಗೆ ಒಬ್ಬ ಹುಡುಗಿಯ ಕೆನ್ನೆಗೆ ಬಿದ್ದ ಏಟು ಹೀಗೆ ಲೆಕ್ಕಕ್ಕೆ ಬರುತ್ತದೆ ಎಂದು ಹೇಗೆ ಗೊತ್ತಾಗಬೇಕು? ಬಾಯಿ ಬಿಟ್ಟು ಎಣಿಸಿ ಎಂಬ ಒಂದು ಸಾಲು ನಿಯಮದಲ್ಲಿದ್ದಿದ್ದರೆ ಸಾಕಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ.

ದೇವಕಿ ಈಗ ಅಳುತ್ತಿದ್ದಳು. ಅಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡರು, ಬರೆದಿದ್ದ ಹಾಳೆಯನ್ನು ಮಡಚಿ ಜೇಬಿಗೆ ಹಾಕಿದರು. "ಇನ್ನೊಂದು ಸಲ" ಎಂದರು. "ಎಲ್ಲ ಕಟ್ಟು. ಇವರೇ ಎಣಿಸಲಿ, ಗಟ್ಟಿಯಾಗಿ. ಎರಡೂ ಕಡೆಯವರು ಕೇಳಿಸಿಕೊಳ್ಳಿ. ಯಾರಿಗೂ ಸಂಶಯ ಉಳಿಯಬಾರದು."

ಅವಳು ಚೀಟಿ ಹಿಡಿದಳು. ಲಾಭ ಎಂದಳು, ಆರರವರೆಗೆ ಬಂದಳು, ನಿಂತಳು. ತುಟಿ ಆಡಿತು, ಶಬ್ದ ಬರಲಿಲ್ಲ. ಬೆರಳು ತಟ್ಟಲು ಮೇಲೆದ್ದಿತ್ತು. ಅವಳು ಎಡಗೈಯಿಂದ ಅದನ್ನು ಹಿಡಿದುಕೊಂಡಳು.

"ಅವತ್ತು ಬೇಡ ಅಂದಿದ್ದು ನಾನೇ" ಎಂದರು ಶಾಂತವೀರಪ್ಪನವರು. ಜಾಲರಿಗೆ ಮುಖ ಹತ್ತಿರ ತಂದರು. "ಇವತ್ತು ನಾನೇ ಹೇಳ್ತಿದೀನಿ. ಅನ್ನು ಮಗಾ. ಏಳು ಅನ್ನು."

"ಏಳು" ಎಂದಳು ದೇವಕಿ. ಚೀಟಿ ಸರಿಯಿತು.

ಧರ್ಮೇಶನ ಮುಖ ಕಪ್ಪಾಗಿತ್ತು. ಕೋರ್ಟಿನ ಹಿಡಿತ ಅವನ ಕೈಯಿಂದ ಜಾರಿತ್ತು, ಜಾರಿಸಿದವರು ಅವನ ಪಕ್ಕದಲ್ಲೇ ಕೂತಿದ್ದರು. ಅವನು ಮುದುಕರ ಎದುರು ನಿಂತು ಕೈ ಚಾಚಿದ.

"ಪಾಸು ಕೊಡಿ ಇಲ್ಲಿ. ಏಳಿ ಸಾವ್ಕಾರ್ರೆ. ಏಳಿ ಮೇಲೆ."

ತಮ್ಮ ಮಂಡಿಯಲ್ಲಿ ಯಾರ ಬಾಯಿಂದಲೂ ಬರಗೊಡದ ಮಾತನ್ನು ಶಾಂತವೀರಪ್ಪನವರು ಅಷ್ಟು ಜನರ ಎದುರು ಕೇಳಿಸಿಕೊಂಡರು. ಕೊರಳಿನ ಪಾಸು ತೆಗೆದುಕೊಟ್ಟರು. ಜಾಲರಿ ಹಿಡಿದು ಎದ್ದರು. "ಬರ್ತೀನಿ ಮಗಾ" ಎಂದು ಒಳಗೆ ಹೇಳಿ ಪಂಚೆ ಸರಿಮಾಡಿಕೊಂಡು ಬಾಗಿಲ ಕಡೆ ನಡೆದರು.

ದೇವಕಿ ತಲೆ ಎತ್ತಲಿಲ್ಲ. ಎತ್ತಿದರೆ ಲೆಕ್ಕ ತಪ್ಪುತ್ತಿತ್ತು. ಅವರು ಬಾಗಿಲು ದಾಟುವ ಹೊತ್ತಿಗೆ ಎರಡನೆಯ ಕಟ್ಟಿನಲ್ಲಿ ಆರು ಚೀಟಿ ಆಗಿತ್ತು. ಮುಂದಿನದನ್ನು ಅವಳು ಅವರಿಗೂ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದಳು.